ಟೊಂಕ ಬ್ಯಾನಿ: ರಿಪೋರ್ಟ್ ಓದಿ ಮೂರು ತಿಂಗಳು ಮಲಗಿದ ಕಾಕಾ

ಖೂಬಾ ಪ್ಲಾಟ್‌ನ ನಮ್ಮ ಮನೆಯ ಮೇಲಿನ ರೂಮಿನಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನಿನ ಸಪ್ಪಳ ಕೇಳಿದ್ರೆ ಹೊಟ್ಟ್ಯಾಗ ಹಾಕ್ಕೋರಿ, ಈ ಬಿಸಿಲಿಗೆ ಅದನ್ನ ಬಂದ್ ಮಾಡಿ ಕೂಡೋದು ಆಗಂಗಿಲ್ಲ. ಇವತ್ತಿನ ವಿಷಯ ಟೊಂಕ ನೋವು. ನಾನು ಬಿ.ಕಾಂ. ಮಾಡಿದವ, ಡಾಕ್ಟರ್ ಅಲ್ಲ. ಆದ್ರ ಹೋದ ವರ್ಷ ಇದು ನಮ್ಮ ಮನ್ಯಾಗೇ ನಡೀತು, ಅದಕ್ಕೇ ಕೂತು ಓದಿದೆ.

ನಮ್ಮ ಕಾಕಾ ನೆಹರು ಗಂಜ್‌ನಲ್ಲಿ ಹಮಾಲಿ ಮಾಡ್ತಾರೆ. ತೊಗರಿ ಸೀಜನ್‌ನಾಗ ಒಂದಿನ ಚೀಲ ಇಳಿಸುವಾಗ ಟೊಂಕ ಹಿಡೀತು. ಎರಡೇ ದಿನಕ್ಕೆ ಎಂಆರ್‌ಐ ಆಯ್ತು. ರಿಪೋರ್ಟ್‌ನಲ್ಲಿ 'ಡಿಸ್ಕ್ ಬಲ್ಜ್', 'ಡಿಜನರೇಶನ್' ಅಂತ ಬರೆದಿತ್ತು. "ಡಿಸ್ಕ್ ಹೊರಗ ಬಂದದ, ಅಲುಗಾಡಬ್ಯಾಡ್ರಿ, ಮಲ್ಕೋರಿ" ಅಂತ ಒಬ್ಬರು ಹೇಳಿದರು. ಕಾಕಾ ಮಲಗಿದರು, ಮೂರು ತಿಂಗಳು. ಹಮಾಲರಿಗೆ ರಜಾ ಪಗಾರ ಎಲ್ಲಿಂದ ಬರಬೇಕ್ರಿ, ಚೀಲ ಎತ್ತಿದ್ರ ಕೂಲಿ. ಕಾಕು ಬಂಗಾರ ಅಡ ಇಟ್ಟರು.

ಆಮೇಲೆ ನನಗ ಸಿಕ್ಕಿದ್ದು 2015ರ ಒಂದು ಅಧ್ಯಯನ. ನೋವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಅದರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. 20 ವರ್ಷದವರಲ್ಲೇ ಶೇ. 30 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. 50 ವರ್ಷದವರಲ್ಲಿ ಶೇ. 60. ಡಿಜನರೇಶನ್ ಅಂತೂ 50ಕ್ಕೆ ಶೇ. 80 ಜನಕ್ಕೆ. ಇವರ್‍ಯಾರಿಗೂ ಟೊಂಕ ನೋವು ಇರಲಿಲ್ಲ, ನೆನಪಿರಲಿ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಇದು ಡಿಪ್ರಿಸಿಯೇಶನ್. ದಾಲ್ ಮಿಲ್ಲಿನ ಮಷಿನ್‌ಗೆ ಪ್ರತಿ ವರ್ಷ ಪುಸ್ತಕದಾಗ ಸವಕಳಿ ತೋರಿಸ್ತೀವಿ, ಹಂಗಂತ ಮಷಿನ್ ನಿಂತಿರ್ತದೇನು?

ಹಂಗಾದ್ರ ನೋವು ಸುಳ್ಳಾ? ಇಲ್ರೀ, ನೋವು ಖರೇನೇ. ಸ್ನಾಯು, ಕೀಲು, ಡಿಸ್ಕ್, ನರ, ಯಾವುದರಿಂದಲೂ ಬರಬಹುದು. ಆದ್ರ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ 'ಇದೇ ಕಾರಣ' ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ. ಭಾರ ಎತ್ತೋದು, ಬೀಡಿ-ಸಿಗರೇಟು, ಮೈತೂಕ, ನಿದ್ದೆಗೇಡು, ಚಿಂತೆ ಎಲ್ಲಾ ಸೇರಿ ಕೆಲಸ ಮಾಡ್ತಾವ. 'ಬಗ್ಗಿದ್ರ ಮುರೀತದ' ಅನ್ನೋ ಹೆದರಿಕೆನೂ ನೋವನ್ನ ಹೆಚ್ಚು ಮಾಡ್ತದ. 2020ರಲ್ಲಿ ಜಗತ್ತಿನಲ್ಲಿ ಸುಮಾರು 62 ಕೋಟಿ ಜನಕ್ಕೆ ಟೊಂಕ ನೋವಿತ್ತು ಅಂತ ಲೆಕ್ಕ.

ಭಾರದ ಮಾತು ಬಂತು. ಒಬ್ಬ ಗಂಡಾಳು ಎತ್ತೋ ಭಾರ 55 ಕೆ.ಜಿ. ಮೀರಿದ್ರೆ ಅದನ್ನು ಬೇಗ ಇಳಿಸಿ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡ್ಯದ. ಕಾಕಾ ಹರೇದಾಗ ಕ್ವಿಂಟಲ್ ಚೀಲ ಹೊತ್ತವರು. ಹಿಂಗಿದ್ದಾಗ ಬರೀ ಅವರ ಡಿಸ್ಕ್ ಮ್ಯಾಲೆ ತಪ್ಪು ಹಾಕೋದು ನನಗಂತೂ ಸರಿ ಕಾಣಂಗಿಲ್ಲ.

ಹೊಸದಾಗಿ ಹಿಡಿದ ಟೊಂಕ ಬಹಳ ಜನಕ್ಕೆ ಕೆಲವು ವಾರದಲ್ಲಿ ಕಡಿಮೆ ಆಗ್ತದೆ. ಒಂದೆರಡು ದಿನ ಸುಧಾರಿಸಿಕೊಂಡು, ಆದಷ್ಟು ಓಡಾಡ್ತಾ ಇರಬೇಕು. ಹಾಸಿಗೆ ಹಿಡಿದ್ರೆ ಸ್ನಾಯು ಸೋಲ್ತದೆ, ಧೈರ್ಯನೂ ಸೋಲ್ತದೆ. ಬಹಳ ದಿನದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ತಂತು. ಅದರಲ್ಲಿ ವ್ಯಾಯಾಮಕ್ಕೆ ಹೌದು ಅಂದಿದೆ. ಸೊಂಟದ ಬೆಲ್ಟಿಗೆ, ಟ್ರ್ಯಾಕ್ಷನ್‌ಗೆ ಬೇಡ ಅಂದಿದೆ. ನಮ್ಮ ಮನ್ಯಾಗ ಬೆಲ್ಟ್ ಎರಡು ಅವ.

ಆದ್ರ ಕೆಲವಕ್ಕೆ ಕಾಯಬ್ಯಾಡ್ರಿ. ಒಂದಾ-ಎರಡಾ ಹಿಡಿತ ತಪ್ಪೋದು ಅಥವಾ ಕಟ್ಟೋದು, ಕೂಡೋ ಜಾಗ, ತೊಡೆಸಂದು ಜೋಮು ಹಿಡಿಯೋದು, ಕಾಲಿನ ಶಕ್ತಿ ಹೋಗೋದು: ಇವು ಕಂಡ್ರೆ ಅವತ್ತೇ ದೊಡ್ಡ ದವಾಖಾನೆ. ಸಂಜೆ ಜ್ವರ, ಕಾರಣ ಇಲ್ದೆ ತೂಕ ಇಳಿಯೋದು ಇದ್ರೆ ಬೆನ್ನುಮೂಳೆಯ ಟಿಬಿ ಇರಬಹುದು, ತೋರಿಸ್ರಿ. ಬಿದ್ದು ಪೆಟ್ಟಾದ ಮೇಲೆ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ನೋವು ಬಂದ್ರೂ ಅಷ್ಟೇ.

ಕಾಕಾಗೆ ಇವ್ಯಾವೂ ಇರಲಿಲ್ಲ. ಒಬ್ಬ ಫಿಜಿಯೋಥೆರಪಿಸ್ಟ್ ಮೊದಲನೇ ದಿನ ಅವರನ್ನ ಬರೀ ಓಣಿ ತುದಿತನಕ ನಡೆಸಿದರು. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದರು, ಕೊನೆಗೆ ಬಕೆಟ್ ನೀರು ಎತ್ತಿಸಿದರು. ಈಗ ಗಂಜಿಗೆ ಹೋಗ್ತಾರೆ, ಸದ್ಯಕ್ಕೆ ಚೀಲ ಹೊಲಿಯೋ ಕೆಲಸಕ್ಕೆ. ಕೂಲಿ ಕಡಿಮಿ. ಬಂಗಾರ ಇನ್ನೂ ಬಿಡಿಸಿಲ್ಲ.

ಮುಂದಿನ ವಾರ ಸಿಗೋಣ್ರೀ.