ಟಿಕೇಟಿಲ್ಲದ ಹಬ್ಬ, ಓಟಿಲ್ಲದ ಕೇಳುಗ

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಹೊರದೇಶಕ್ಕೆ ದುಡಿಯಲು ಹೋದವನನ್ನು ಕಂಡರೆ ನಾವೆಲ್ಲ ಕೇಳುವುದು ಮೂರು ಮಾತು: ಸಂಬಳ ಎಷ್ಟು, ಕೋಣೆ ಸಿಕ್ಕಿತೇ, ಊಟ ಒಗ್ಗಿತೇ. ವಾರವೆಲ್ಲ ದುಡಿದವನ ಕಿವಿಗೆ ಒಂದು ಹಾಡಾದರೂ ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ದುಡಿಮೆಗಾರನೆಂದರೆ ಎರಡು ಕೈ, ಒಂದು ಹೊಟ್ಟೆ ಎಂದು ಯಜಮಾನರು ತಿಳಿಯುತ್ತಾರೆ. ಅದು ಅವರ ಸ್ವಭಾವ. ನಾವೂ ಹಾಗೆಯೇ ತಿಳಿದರೆ ಹೇಗೆ?

ನಾವು ಕೆಲವು ಮಂದಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಕೆಲಸಕ್ಕಿದ್ದಾಗ, ಜೂನ್ ತಿಂಗಳ ಒಂದು ವಾರದ ಕೊನೆಯನ್ನು ಅಲ್ಲಿಯ ದೊಡ್ಡ ಸಂಗೀತೋತ್ಸವದಲ್ಲಿ ಕಳೆದೆವು. ಡ್ಯಾನ್ಯೂಬ್ ನದಿಯ ನಡುಗಡ್ಡೆಯ ಮೇಲೆ ನಡೆಯುವುದರಿಂದ ಅದಕ್ಕೆ ನಡುಗಡ್ಡೆಯ ಹಬ್ಬವೆಂದೇ ಹೆಸರು. ಅವರ ಮಾತಿನಲ್ಲಿ ‘ಡೊನಾವ್‌ಇನ್ಸೆಲ್‌ಫೆಸ್ಟ್’. ಶುರುವಾದದ್ದು 1984ರಲ್ಲಿ. ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ. ನಡೆಸುವವರು ಆ ನಗರದ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷದವರು. ಬಾಗಿಲಲ್ಲಿ ಟಿಕೇಟಿಲ್ಲ. ಸಂಘಟಕರ ಲೆಕ್ಕದಲ್ಲಿ ಕೆಲವು ವರ್ಷ ಭೇಟಿಗಳ ಸಂಖ್ಯೆ 30 ಲಕ್ಷ ದಾಟಿದೆ. ಮೂರು ದಿನವೂ ಬಂದವನನ್ನು ಮೂರು ಸಲ ಎಣಿಸಿದ ಲೆಕ್ಕ ಅದು. ಆದರೂ ಊರಿನ ಒಟ್ಟು ಜನಸಂಖ್ಯೆಯೇ 20 ಲಕ್ಷ ಎಂಬುದನ್ನು ನೆನೆಯಿರಿ!

ಆ ನಡುಗಡ್ಡೆಯ ಕಥೆಯೂ ಕೇಳತಕ್ಕದ್ದೇ. ಡ್ಯಾನ್ಯೂಬ್ ಉಕ್ಕಿದಾಗ ನಗರಕ್ಕೆ ನುಗ್ಗುತ್ತಿತ್ತು. 1954ರಲ್ಲಿ ದೊಡ್ಡ ನೆರೆ ಬಂದಿತ್ತು. 1972ರಿಂದ 1988ರವರೆಗೆ ನದಿಯ ಪಕ್ಕದಲ್ಲಿ ನೆರೆನೀರಿಗೆಂದು ಇನ್ನೊಂದು ಪಾತ್ರ ತೋಡಿದರು. ತೋಡಿದ ಮಣ್ಣು ನಡುವೆ ಬಿದ್ದು 21 ಕಿಲೋಮೀಟರ್ ಉದ್ದದ ಹೊಸ ನೆಲ ಎದ್ದಿತು. ಆ ನೆಲವನ್ನು ಸೈಟು ಹಾಕಿ ಮಾರಲಿಲ್ಲ. ಮರ ನೆಟ್ಟು, ಹುಲ್ಲು ಬೆಳೆಸಿ, ಈಜುವುದಕ್ಕೆ ದಡ ಮಾಡಿ ಜನಕ್ಕೆ ಬಿಟ್ಟರು. ನೆಲ ಎಲ್ಲರದಾಗಿದ್ದುದರಿಂದ ಹಬ್ಬವೂ ಎಲ್ಲರದಾಯಿತು.

ಸುರಂಗ ರೈಲಿನಿಂದ ಇಳಿದರೆ ನಿಲ್ದಾಣದ ಹೆಸರೇ ‘ನಡುಗಡ್ಡೆ’. ಜನದ ಹೊಳೆ ನಮ್ಮನ್ನು ತಾನೇ ಒಯ್ಯುತ್ತದೆ. ಇಲ್ಲೊಂದು ವೇದಿಕೆ, ಅಲ್ಲೊಂದು ವೇದಿಕೆ. ನಡುವೆ ತಿಂಡಿ ಪಾನೀಯದ ಮಳಿಗೆಗಳ ಸಾಲು. ನಮಗೆ ಹಾಡಿನ ಮಾತು ಅರ್ಧವೂ ತಿಳಿಯಲಿಲ್ಲ; ತಾಳ ತಿಳಿಯಿತು. ಆಸ್ಟ್ರಿಯಾದ ಹಾಡುಗಾರ ಫಾಲ್ಕೊ 1993ರಲ್ಲಿ ಗುಡುಗು ಮಳೆಯ ನಡುವೆ ಇಲ್ಲಿ ಹಾಡಿದ್ದನ್ನು ಆ ಊರಿನವರು ಇಂದಿಗೂ ನೆನೆಯುತ್ತಾರೆ. ಸುತ್ತ ಕಿವಿಗೊಟ್ಟರೆ ತುರ್ಕಿ ಭಾಷೆ, ಸರ್ಬಿಯದ ಭಾಷೆ. ತುರ್ಕಿಯೊಡನೆ 1964ರಲ್ಲಿ, ಯುಗೊಸ್ಲಾವಿಯದೊಡನೆ 1966ರಲ್ಲಿ ಒಪ್ಪಂದ ಮಾಡಿಕೊಂಡು ಆಸ್ಟ್ರಿಯಾ ‘ಅತಿಥಿ ಕೆಲಸಗಾರ’ರನ್ನು ಕರೆಸಿಕೊಂಡಿತ್ತು. ಅತಿಥಿ ಎಂದರು, ದುಡಿಸಿಕೊಂಡರು. ಅತಿಥಿಗಳು ಅಲ್ಲೇ ಸಂಸಾರ ಹೂಡಿದರು.

ಮಿತ್ರರೇ, ದುಡಿಯುವವನಿಗೂ ಸಂಗೀತ ಬೇಕು ಎಂಬ ಮಾತು ಆ ಊರಿಗೆ ಹೊಸದಲ್ಲ. 1905ರಲ್ಲಿ ಡೇವಿಡ್ ಯೋಸೆಫ್ ಬಾಖ್ ಎಂಬ ಸಮಾಜವಾದಿ ಪತ್ರಕರ್ತ ಕಾರ್ಮಿಕರಿಗಾಗಿ ಸಿಂಫನಿ ಕಚೇರಿಗಳನ್ನು ಆರಂಭಿಸಿದ. ಸಿರಿವಂತರ ಸಭಾಂಗಣದಲ್ಲಿ ಬೆವರಿನ ಅಂಗಿಯವರು ಕೂತು ಬೀಥೋವನ್ ಕೇಳಿದರು. ಮುಂದೆ ಆಂಟನ್ ವೆಬರ್ನ್‌ನಂಥ ದೊಡ್ಡ ಸಂಗೀತಗಾರ ಅವುಗಳನ್ನು ನಡೆಸಿಕೊಟ್ಟ. 1934ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಸರ್ಕಾರ ಕಾರ್ಮಿಕರ ವಸತಿಗಳ ಮೇಲೆ ಫಿರಂಗಿ ಹಾರಿಸಿತು, ಪಕ್ಷವನ್ನು ನಿಷೇಧಿಸಿತು, ಆ ಕಚೇರಿಗಳೂ ನಿಂತುಹೋದವು. ಕಾರ್ಮಿಕನ ಸಂಘವನ್ನು ಮುರಿಯುವವನು ಅವನ ಹಾಡನ್ನು ಉಳಿಸುವುದಿಲ್ಲ.

ಈಗ ಇನ್ನೊಂದು ಹಬ್ಬದ ಲೆಕ್ಕ ನೋಡಿ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ 1970ರಲ್ಲಿ ಒಂದು ಪೌಂಡ್ ಟಿಕೇಟು, ಹಾಲು ಪುಕ್ಕಟೆ. 2025ರಲ್ಲಿ ಟಿಕೇಟು 373 ಪೌಂಡ್ 50 ಪೆನ್ಸ್. ಡೇರೆ ಹಾಕಲು ಜಾಗವೂ ಅದರಲ್ಲಿ ಸೇರಿದೆ, ನಿಜ. ಆ ವರ್ಷ ಏಪ್ರಿಲಿನಿಂದ ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ಅಂದರೆ ಕನಿಷ್ಠ ಕೂಲಿಯವನು ಹಾಡು ಕೇಳಲು 30 ಗಂಟೆಗೂ ಹೆಚ್ಚು ಗೇಯಬೇಕು. ಊರು ಬಿಟ್ಟು ಬಂದು ಮನೆಗೆ ಹಣ ಕಳಿಸುವವನು ಆ ಬೇಲಿಯ ಹೊರಗೇ ಉಳಿಯುತ್ತಾನೆ.

ವಿಯೆನ್ನಾದ ಹಬ್ಬಕ್ಕೂ ಖರ್ಚಿದೆ. ನಗರಸಭೆ ಅನುದಾನ ಕೊಡುತ್ತದೆ, ಕಂಪನಿಗಳು ಜಾಹೀರಾತಿಗೆ ಹಣ ಕೊಡುತ್ತವೆ. ಸಾರ್ವಜನಿಕರ ದುಡ್ಡಿನಲ್ಲಿ ಪಕ್ಷದ ಬಾವುಟ ಮೆರೆಸುತ್ತಾರೆಂದು ವಿರೋಧಿಗಳು ಆಕ್ಷೇಪಿಸುತ್ತಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಲೆಕ್ಕವನ್ನು ಜನರ ಮುಂದಿಡುವುದೇ ಅದಕ್ಕೆ ಉತ್ತರ. ಬೇಲಿ ಹಾಕುವುದು ಉತ್ತರವಾಗಲಾರದು.

ಆದರೆ ನಮ್ಮನ್ನು ಕಾಡಿದ ಪ್ರಶ್ನೆ ಇದಕ್ಕಿಂತ ದೊಡ್ಡದು. ಹಬ್ಬದಲ್ಲಿ ನಮ್ಮ ಪಕ್ಕ ಕುಣಿದ ಹೊರನಾಡಿನ ಗೆಳೆಯನಿಗೆ ಆ ನಗರದ ಚುನಾವಣೆಯಲ್ಲಿ ಓಟಿಲ್ಲ. 2025ರ ಏಪ್ರಿಲಿನಲ್ಲಿ ವಿಯೆನ್ನಾ ಚುನಾವಣೆ ನಡೆದಾಗ, ಮತದಾನದ ವಯಸ್ಸಿನವರಲ್ಲಿ ಸುಮಾರು ಮೂವರಿಗೆ ಒಬ್ಬರು ಪೌರತ್ವವಿಲ್ಲದ ಕಾರಣ ನಗರಸಭೆಗೆ ಓಟು ಹಾಕುವಂತಿರಲಿಲ್ಲ. ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು. ಅದರ ಮೇಲೆ ಇಷ್ಟು ಆದಾಯವೂ ಇರಬೇಕು. ರಸ್ತೆ ಗುಡಿಸುವವಳು, ಕಟ್ಟಡ ಕಟ್ಟುವವನು, ರೋಗಿಯ ಹಾಸಿಗೆ ಮಗುಚುವವಳು ತೆರಿಗೆ ಕೊಡುತ್ತಾರೆ. ಆ ತೆರಿಗೆ ಹಣದಿಂದ ಹಬ್ಬಕ್ಕೆಷ್ಟು, ಶಾಲೆಗೆಷ್ಟು ಎಂದು ಹೇಳುವ ಬಾಯಿ ಅವರಿಗಿಲ್ಲ. ಹಾಡಿಗೆ ಚಪ್ಪಾಳೆ ತಟ್ಟಲು ಆಗುವ ಕೈ, ಓಟು ಹಾಕಲು ಆಗದೇ?

ಹಾಗೆಂದು ಆ ಹಬ್ಬವನ್ನು ಹೀಗಳೆಯಬೇಡಿ. ಮೂರು ದಿನವಾದರೂ ಪರದೇಶಿಯನ್ನು ನಿನ್ನ ಕಾಗದವೆಲ್ಲಿ, ಟಿಕೇಟೆಲ್ಲಿ ಎಂದು ಯಾರೂ ಕೇಳಲಿಲ್ಲ. ಪರಊರಿನ ಬೀದಿಯಲ್ಲಿ ತಲೆ ತಗ್ಗಿಸಿ ನಡೆದವನು ಅಲ್ಲಿ ತಲೆಯೆತ್ತಿ ಹಾಡಿದ. ಹಾಗೆ ತಲೆಯೆತ್ತಿದವನೇ ನಾಳೆ ಹಕ್ಕನ್ನೂ ಕೇಳಿಯಾನು.

ನಮ್ಮ ಗಿರಣಿಗೂ ಅಂಗಡಿಗೂ ದೂರದ ಸೀಮೆಯಿಂದ ದುಡಿಯಲು ಬರುವವರಿದ್ದಾರೆ. ನಮ್ಮ ಊರಹಬ್ಬದಲ್ಲಿ ಅವರಿಗೆ ಚಾಪೆ ಹಾಸೋಣ. ಅವರ ಹಾಡಿಗೂ ವೇದಿಕೆಯಲ್ಲಿ ಹೊತ್ತು ಕೊಡೋಣ. ಮರುದಿನ ಸಂಘದ ಸಭೆಯಲ್ಲಿ ಅವರಿಗೆ ಮಾತೂ ಇರಲಿ, ಮತವೂ ಇರಲಿ.