ಮೂರು ಹೆಸರಿನ ಪಟ್ಟಿ

ಆಕಾಶವಾಣಿಗೆ ಬರುವ ಪತ್ರಗಳಲ್ಲಿ ಒಂದು ಆತಂಕ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಗಳ ಎಂ.ಎಸ್ಸಿ. ಮುಗಿದಿದೆ, ವಿಶ್ವವಿದ್ಯಾಲಯಕ್ಕೆ ಕಾಯಂ ಕುಲಪತಿಯಿಲ್ಲ, ಪದವಿ ಪತ್ರದ ಮೇಲೆ ಹಂಗಾಮಿ ಕುಲಪತಿಯ ಸಹಿ ಇದ್ದರೆ ನಡೆಯುತ್ತದೆಯೇ? ಕೆಲವರದು ಇನ್ನೂ ಒಂದು ಹೆಜ್ಜೆ ಮುಂದಿನ ಪ್ರಶ್ನೆ: ಕುಲಪತಿಯ ನೇಮಕವನ್ನೇ ಕೋರ್ಟು ರದ್ದುಪಡಿಸಿದರೆ ಅವರು ಅಷ್ಟು ದಿನ ಸಹಿ ಹಾಕಿದ ಪತ್ರಗಳ ಗತಿಯೇನು?

ಏನೂ ಆಗುವುದಿಲ್ಲ. ಕುಲಪತಿಯ ಹುದ್ದೆ ತೆರವಾದಾಗ ಬೇರೊಬ್ಬರು, ಸಾಮಾನ್ಯವಾಗಿ ಹಿರಿಯ ಡೀನರು, ಆ ಕೆಲಸ ನೋಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ನೇಮಕದಲ್ಲಿ ದೋಷವಿತ್ತೆಂದು ಆಮೇಲೆ ಸಾಬೀತಾದರೂ ಅಧಿಕಾರದಲ್ಲಿದ್ದಾಗ ಮಾಡಿದ ಕೆಲಸ ಊರ್ಜಿತವೇ. ಸುಪ್ರೀಂ ಕೋರ್ಟು 1981ರಲ್ಲಿ ಗೋಕರಾಜು ರಂಗರಾಜು ಪ್ರಕರಣದಲ್ಲಿ ನ್ಯಾಯಾಧೀಶರ ನೇಮಕದ ವಿಷಯವಾಗಿ ಈ ತತ್ವವನ್ನು ಬಿಡಿಸಿ ಹೇಳಿದೆ. ಆದ್ದರಿಂದ ಮಗಳ ಪದವಿ ಪತ್ರವನ್ನು ಬೀರುವಿನಲ್ಲಿ ನಿಶ್ಚಿಂತೆಯಾಗಿ ಇಡಬಹುದು. ಚಿಂತೆ ಮಾಡಬೇಕಾದ್ದು ಬೇರೆ ಕಡೆ ಇದೆ.

ಕುಲಪತಿಯ ನೇಮಕದ ಬಗ್ಗೆ ಕಟ್ಟೆಯ ಮಾತಿನಲ್ಲಿ ಎರಡು ನಂಬಿಕೆ ಬಲವಾಗಿವೆ. ರಾಜ್ಯಪಾಲರು ತಮಗೆ ಬೇಕಾದವರನ್ನು ಕೂರಿಸುತ್ತಾರೆ ಎಂಬುದು ಒಂದು. ಎಲ್ಲರಿಗಿಂತ ಹಿರಿಯ ಪ್ರಾಧ್ಯಾಪಕರಿಗೆ ತಾನಾಗಿ ಆ ಕುರ್ಚಿ ಸಲ್ಲುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು, ಎಷ್ಟು ಸಲ ಹೇಳಿದರೂ ಸಾಯದ ತಪ್ಪು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಹೇಳುವ ದಾರಿಯೇ ಬೇರೆ. ಮೊದಲು ನಾಲ್ವರ ಶೋಧನಾ ಸಮಿತಿ. ಅದರಲ್ಲಿ ಕುಲಾಧಿಪತಿಗಳ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ), ರಾಜ್ಯ ಸರ್ಕಾರದ ಮತ್ತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಕಡೆಯಿಂದ ಒಬ್ಬೊಬ್ಬರು. ಸಮಿತಿ ಮೂರು ಹೆಸರುಗಳನ್ನು ಸರ್ಕಾರಕ್ಕೆ ಕೊಡುತ್ತದೆ, ಸರ್ಕಾರ ಅದನ್ನು ಕುಲಾಧಿಪತಿಗಳಾದ ರಾಜ್ಯಪಾಲರಿಗೆ ಕಳಿಸುತ್ತದೆ. ಅವರು ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ನೋಡಿ, ಸರ್ಕಾರದ ಸಹಮತಿ ಪಡೆದು ಒಬ್ಬರನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ.

ಪಟ್ಟಿಯಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿರಬೇಕು ಎಂಬುದೂ ಕಾಯ್ದೆಯಲ್ಲೇ ಇದೆ. ಮೊದಲ ಹೆಸರು ಮೊದಲ ರ‍್ಯಾಂಕ್ ಅಲ್ಲ. ‘ಪಟ್ಟಿಯಲ್ಲಿ ಮೊದಲಿದ್ದವರನ್ನು ಬಿಟ್ಟು ಮೂರನೆಯವರಿಗೆ ಕೊಟ್ಟರು’ ಎಂದು ವರ್ಷ ವರ್ಷ ಏಳುವ ಗುಲ್ಲಿಗೆ ಇಷ್ಟೇ ಉತ್ತರ.

ಹಾಗಿದ್ದರೆ ಕುಲಪತಿಯನ್ನು ನಿಜವಾಗಿ ಆರಿಸುವವರು ಯಾರು? ಸಹಿ ಹಾಕುವವರಿಗಿಂತ ಹೆಚ್ಚಾಗಿ ಪಟ್ಟಿ ಮಾಡುವವರು. ಅರ್ಜಿ ಹಾಕಿದ ಅಷ್ಟೂ ಮಂದಿಯಲ್ಲಿ ಮೂವರನ್ನು ಬಿಟ್ಟು ಉಳಿದವರನ್ನು ತೆಗೆದುಹಾಕುವ ಕೆಲಸ ನಡೆಯುವುದು ಆ ನಾಲ್ವರು ಕೂರುವ ಕೋಣೆಯಲ್ಲಿ. ಅಲ್ಲಿ ದಾಟದ ಹೆಸರು ರಾಜಭವನದ ಮೇಜಿಗೆ ಹೋಗುವುದೇ ಇಲ್ಲ. ರಾಜ್ಯಪಾಲರು ಇನ್ನೊಂದು ಪಟ್ಟಿ ಕೇಳಬಹುದು, ಆದರೆ ಅದನ್ನು ಮಾಡಿಕೊಡುವುದೂ ಅದೇ ಸಮಿತಿ. ಇನ್ನೊಂದು ಸೂಕ್ಷ್ಮ: ನಾಲ್ವರಲ್ಲಿ ಒಬ್ಬರು ಸರ್ಕಾರದವರು, ಇನ್ನೊಬ್ಬರನ್ನು ಕಳಿಸುವ ಸಿಂಡಿಕೇಟಿನಲ್ಲೂ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿರುತ್ತಾರೆ. ಪತ್ರಿಕೆಗಳು ಹೊಸ ಕುಲಪತಿಯ ಜಾತಿ, ಜಿಲ್ಲೆ, ಬೀಗರು ಬಿಜ್ಜರು ಎಲ್ಲವನ್ನೂ ಬರೆಯುತ್ತವೆ. ಶೋಧನಾ ಸಮಿತಿಯಲ್ಲಿ ಯಾರಿದ್ದರು ಎಂಬುದಕ್ಕೆ ಒಳಪುಟದಲ್ಲಿ ಎರಡು ಸಾಲು.

ಕೋರ್ಟುಗಳು ಮಾತ್ರ ಆ ಎರಡು ಸಾಲನ್ನೇ ಹಿಡಿದುಕೊಂಡಿವೆ. ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿಯ ನೇಮಕವನ್ನು ಸುಪ್ರೀಂ ಕೋರ್ಟು 2022ರ ಮಾರ್ಚಿನಲ್ಲಿ ರದ್ದು ಮಾಡಿತು. ಶೋಧನಾ ಸಮಿತಿಯ ರಚನೆಯೇ ಯುಜಿಸಿ ನಿಯಮದಂತೆ ಇರಲಿಲ್ಲ. ರಾಜ್ಯದ ಕಾಯ್ದೆಗೂ ಯುಜಿಸಿ ನಿಯಮಕ್ಕೂ ತಿಕ್ಕಾಟವಾದರೆ ನಿಲ್ಲುವುದು ಯುಜಿಸಿ ನಿಯಮವೇ ಎಂದು ಅಂದಿನ ತೀರ್ಪು. ಅದೇ ವರ್ಷದ ಅಕ್ಟೋಬರ್ 21ರಂದು ಕೇರಳದ ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಸರದಿ. ಅಲ್ಲಿಯ ಸಮಿತಿ ಪಟ್ಟಿಯ ಬದಲು ಒಂದೇ ಒಂದು ಹೆಸರು ಕಳಿಸಿತ್ತು. ಒಂದೇ ಹೆಸರಿದ್ದಲ್ಲಿ ಆಯ್ಕೆ ಎಲ್ಲಿಂದ ಬಂತು? ಆ ನೇಮಕವೂ ಬಿದ್ದಿತು. ಅದರ ಬೆನ್ನಿಗೇ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಒಂಬತ್ತು ಕುಲಪತಿಗಳಿಗೆ ಮರುದಿನ ಬೆಳಿಗ್ಗೆ 11.30ರೊಳಗೆ ರಾಜೀನಾಮೆ ಕೊಡಿ ಎಂದರು. ಮುಂದಿನ ವರ್ಷದ ನವೆಂಬರಿನಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಯ ಮರುನೇಮಕ ರದ್ದಾಯಿತು. ಆಗ ಕೋರ್ಟು ಬೊಟ್ಟು ಮಾಡಿದ್ದು ಸರ್ಕಾರದ ಅನುಚಿತ ಹಸ್ತಕ್ಷೇಪದತ್ತ. ಪಶ್ಚಿಮ ಬಂಗಾಳದಲ್ಲಂತೂ ಸರ್ಕಾರ, ರಾಜಭವನಗಳ ಜಗಳ ಎಲ್ಲಿಗೆ ಮುಟ್ಟಿತೆಂದರೆ, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರನ್ನೇ ಶೋಧನಾ ಸಮಿತಿಗಳ ಮೇಲೆ ಕೂರಿಸಬೇಕಾಯಿತು.

2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಗಳ ವಿರುದ್ಧ ರಾಜ್ಯಗಳು ಸಿಡಿದೆದ್ದದ್ದೂ ಇದೇ ಸಮಿತಿಯ ಕಾರಣಕ್ಕೆ. ಶೋಧನಾ ಸಮಿತಿಯನ್ನು ಮೂವರಿಗೆ ಇಳಿಸಿ, ರಾಜ್ಯ ಸರ್ಕಾರದ ಪ್ರತಿನಿಧಿಯನ್ನೇ ಕೈಬಿಡುವ ಪ್ರಸ್ತಾವ ಅದರಲ್ಲಿತ್ತು. ಫೆಬ್ರವರಿ 5ರಂದು ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲೇ ಸೇರಿ ವಿರೋಧಿಸಿದರು. ಇತ್ತ ಕರ್ನಾಟಕ ಸರ್ಕಾರ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆಯನ್ನು 2024ರ ಕೊನೆಗೆ ತಂದಿತ್ತು. ಎರಡೂ ಕಡೆಯವರ ಕಣ್ಣು ಒಂದೇ ಕೋಣೆಯ ಬೀಗದ ಕೈಮೇಲೆ.

ಹಳೆಯ ಕಾಲ ಚೆನ್ನಾಗಿತ್ತು, ಯೋಗ್ಯರನ್ನು ಕರೆದು ಕೂರಿಸುತ್ತಿದ್ದರು ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ನಿಜವಿದೆ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಕಲ್ಕತ್ತೆಯ ತತ್ವಜ್ಞಾನಿ ಬ್ರಜೇಂದ್ರನಾಥ ಸೀಲರು ಕುಲಪತಿಯಾಗಿ ಬಂದರು. 1956ರಲ್ಲಿ ಅಲ್ಲೇ ಓದಿದ ಕುವೆಂಪು ಆ ಸ್ಥಾನಕ್ಕೇರಿದರು. ಧಾರವಾಡದಲ್ಲಿ ಡಿ.ಸಿ. ಪಾವಟೆ ಒಂದು ದಶಕಕ್ಕೂ ಮಿಕ್ಕಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದರು. ಆದರೆ ಆಗ ಇದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು. ಈಗ ಜಿಲ್ಲೆಗೊಂದರಂತೆ ಹಬ್ಬಿರುವಾಗ ಕರೆಯುವವರ ಸದ್ಬುದ್ಧಿಯನ್ನು ನಂಬಿ ಕೂರಲಾಗದು. ಇಂದಿನ ಯುಜಿಸಿ ನಿಯಮವೂ ಅರ್ಜಿ ಹಾಕದ ಯೋಗ್ಯರನ್ನು ಹುಡುಕಿ ಪಟ್ಟಿಗೆ ಸೇರಿಸಲು ಬಿಡುತ್ತದೆ. ಹತ್ತು ವರ್ಷ ಪ್ರಾಧ್ಯಾಪಕರಾಗಿರಬೇಕು, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟು ಅನುಭವವಿರಬೇಕು, ಅಷ್ಟೆ. ಹೆಸರಿನಲ್ಲೇ ಶೋಧನೆ ಇರುವ ಸಮಿತಿ ಬಂದ ಅರ್ಜಿಗಳನ್ನಷ್ಟೇ ಜರಡಿ ಹಿಡಿದು ಎದ್ದರೆ ಅದು ನಿಯಮದ ತಪ್ಪಲ್ಲ.

ಈ ಮಾತುಗಾರನ ದೊಡ್ಡ ತಕರಾರು ಇರುವುದು ವೇಳೆಯ ಬಗ್ಗೆ. ಕುಲಪತಿಯ ಅವಧಿ ಯಾವತ್ತು ಮುಗಿಯುತ್ತದೆಂದು ಅವರು ಅಧಿಕಾರ ವಹಿಸಿಕೊಂಡ ದಿನವೇ ಗೊತ್ತು. ಆದರೂ ಸಮಿತಿಯ ನೆನಪಾಗುವುದು ಬೀಳ್ಕೊಡುಗೆಯ ಹಾರ ಬಾಡಿದ ಮೇಲೆ. ಈ ಮಾತುಗಾರ ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಹೀಗೇ ಆಯಿತು. ಹಂಗಾಮಿಗೆ ಬಂದವರು ಸಜ್ಜನರು, ಆದರೆ ನಾಳೆ ಇರುತ್ತೇನೋ ಇಲ್ಲವೋ ಎಂಬ ಅಳುಕು. ಪ್ರಯೋಗಾಲಯಕ್ಕೆ ಉಪಕರಣ ಕೊಳ್ಳುವ ಕಡತ ಹೋದರೆ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂದು ಬರೆದು ವಾಪಸ್. ಚರ್ಚಿಸಲು ಹೋದರೆ, ‘ಹೊಸಬರು ಬರಲಿ ಬಿಡಿ ಸಾರ್’. ಹಣಕಾಸು ವರ್ಷ ಮುಗಿಯಿತು, ಅನುದಾನ ಹಿಂದಕ್ಕೆ ಹೋಯಿತು, ಹುಡುಗರು ಹಳೆಯ ಉಪಕರಣದಲ್ಲೇ ಪ್ರಾಜೆಕ್ಟ್ ಮುಗಿಸಿದರು. ಸಹಿಯ ಸಿಂಧುತ್ವದ ಬಗ್ಗೆ ಪತ್ರ ಬರೆಯುವ ಪೋಷಕರು ಗಮನಿಸಬೇಕಾದ ನಷ್ಟ ಇದು. ಹಂಗಾಮಿಯವರ ಸಹಿ ನಡೆಯುತ್ತದೆ. ಅವರು ಸಹಿ ಹಾಕದೆ ಬಿಟ್ಟದ್ದು ನಡೆಯುವುದಿಲ್ಲ. ವೇಳೆಗೆ ಸರಿಯಾಗಿ ಸಮಿತಿ ರಚಿಸಿದರೆ ಹಂಗಾಮಿಯ ಕಾಲವೇ ಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಸಮಿತಿ ಯಾವತ್ತು ರಚನೆಯಾಯಿತು, ಅದರಲ್ಲಿ ಯಾರಿದ್ದಾರೆ, ಮೊದಲು ಅದನ್ನು ಕೇಳಿ.

ಕೇಳುವ ದಾರಿಯೂ ಸುಲಭ. ನಿಮ್ಮ ವಿಶ್ವವಿದ್ಯಾಲಯದ ಕುಲಪತಿಯ ಅವಧಿ ಮುಗಿಯಲು ಆರು ತಿಂಗಳಿರುವಾಗ ಉನ್ನತ ಶಿಕ್ಷಣ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆಯಿರಿ: ಶೋಧನಾ ಸಮಿತಿ ರಚನೆಯಾಗಿದೆಯೇ, ಆದೇಶದ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಅರ್ಜಿಯಲ್ಲಿ ಒಂದೇ ವಿಷಯವಿರಲಿ, 150 ಪದ ದಾಟದಿರಲಿ. ದಾಟಿದರೆ ಅದೇ ನೆಪದಲ್ಲಿ ಹಿಂದಕ್ಕೆ ಕಳಿಸುತ್ತಾರೆ.