ಸಾಬೂನು ಎಲ್ಲಿ ಅಗ್ಗ?



ಈ ಸಂಜೆ ನಾನು ನಿಮ್ಮ ಮುಂದೆ ಪ್ರಸ್ತಾಪಿಸಬೇಕೆಂದಿರುವುದು ಬಹು ಸಣ್ಣ ವಿಷಯ. ಮನೆಗೆ ಬೇಕಾದ ಸಾಬೂನು, ಸೀಗೆಪುಡಿ, ಹಲ್ಲುಪುಡಿ, ಬಟ್ಟೆಸೋಡಾ, ಫಿನೈಲು, ಕಸಬರಿಗೆ ಮುಂತಾದುವನ್ನು ಎಲ್ಲಿ ಕೊಂಡರೆ ಅಗ್ಗವಾಗುತ್ತದೆ ಎಂಬುದಷ್ಟೇ. ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸತಕ್ಕವನಿಗೆ ಇದಕ್ಕಿಂತ ಘನವಾದ ವಿಷಯ ದೊರೆಯಲಿಲ್ಲವೆ ಎಂದು ನೀವು ಕೇಳಬಹುದು. ದೊರೆಯುತ್ತಿತ್ತು. ಆದರೆ ಸುಮಾರು ಇಪ್ಪತ್ತು ವರ್ಷಗಳಿಂದ ಬೇಡಿಕೆ, ಪೂರೈಕೆಗಳ ರೇಖೆಗಳನ್ನು ಕಪ್ಪುಹಲಗೆಯ ಮೇಲೆ ಎಳೆಯುತ್ತಿರುವ ನಾನು ಈ ಸಣ್ಣ ಪ್ರಶ್ನೆಗೆ ಕೊಟ್ಟ ಉತ್ತರವು ತಪ್ಪೆಂಬುದನ್ನು ಹೈಸ್ಕೂಲು ಮುಗಿಸದ ನನ್ನ ಅಕ್ಕನಿಂದ ತಿಳಿದುಕೊಳ್ಳಬೇಕಾಯಿತು. ಆ ಕಥೆಯನ್ನು ಹೇಳಿಬಿಟ್ಟರೆ ವಿಷಯವೂ ಹೇಳಿದಂತಾಗುತ್ತದೆ.

ಅಕ್ಕನನ್ನು ಕೊಟ್ಟಿರುವ ಊರು ಎಮ್ಮಿಗನೂರು. ಕರ್ನೂಲು ಜಿಲ್ಲೆಯಲ್ಲಿ ನೇಕಾರರ ಸಹಕಾರ ಸಂಘಕ್ಕೆ ಹೆಸರಾದ ಎಮ್ಮಿಗನೂರು ಬೇರೆ. ಇದು ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನದು. ತುಂಗಭದ್ರೆಯ ನೀರು ಹರಿಯುವ ಭತ್ತದ ಸೀಮೆ. ಹಂಪಿಯೂ ದೂರವಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ವರ್ತಕ ಪೇಸನು ಅಲ್ಲಿ ಸಂಜೆ ಕೂಡುತ್ತಿದ್ದ ಸಂತೆಯನ್ನೂ ಅದರಲ್ಲಿ ಮಾರುತ್ತಿದ್ದ ನಿಂಬೆ, ಕಿತ್ತಿಳೆ, ಸೌದೆಗಳನ್ನೂ ಬರೆದಿಟ್ಟಿದ್ದಾನೆ. ಆ ಸೀಮೆಯ ಜನ ಇಂದಿಗೂ ವ್ಯಾಪಾರವನ್ನು ಬಲ್ಲವರು. ನನ್ನ ಅಕ್ಕನೂ ಬಲ್ಲಳು; ನಾನು ಮಾತ್ರ ಅದನ್ನು ಅರಿಯದೆ ಹೋದೆ.

ಅಕ್ಕನು ಈ ವಸ್ತುಗಳನ್ನೆಲ್ಲ ಬೀದಿಯ ತುದಿಯ ಕಿರಾಣಿ ಅಂಗಡಿಯಿಂದಲೇ ತರಿಸುತ್ತಾಳೆ. ಅಲ್ಲಿ ಹೊದಿಕೆಯ ಮೇಲೆ ಅಚ್ಚಾದ ಬೆಲೆಗೆ ಒಂದು ಕಾಸು ಕಡಮೆಯಿಲ್ಲ. ಕಂಪ್ಲಿಯ ದೊಡ್ಡ ಅಂಗಡಿಗಳಲ್ಲಿ, ಹೊಳೆಯಾಚೆಯ ಗಂಗಾವತಿಯಲ್ಲಿ, ಹೊಸಪೇಟೆ, ಬಳ್ಳಾರಿಗಳ ಮಾರುಕಟ್ಟೆಗಳಲ್ಲಿ ಅದೇ ಸಾಮಾನು ನೂರಕ್ಕೆ ಹತ್ತು ರೂಪಾಯಿಯಷ್ಟಾದರೂ ಅಗ್ಗವಾಗಿ ಸಿಕ್ಕುತ್ತದೆ. ಎರಡು ವರ್ಷದ ಹಿಂದೆ ರಜೆಯಲ್ಲಿ ಹೋದಾಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ತಿಂಗಳಿಗೆ ಸುಮಾರು ನಾಲ್ಕು ನೂರು ರೂಪಾಯಿ ಖರ್ಚು. ಪೇಟೆಯಲ್ಲಿ ಕೊಂಡರೆ ನಲವತ್ತು ಉಳಿತಾಯ. ವರ್ಷಕ್ಕೆ ನಾಲ್ಕು ನೂರ ಎಂಬತ್ತು. ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಇಲ್ಲ. ಇಷ್ಟು ಸ್ಪಷ್ಟವಾದ ಲಾಭವನ್ನು ಬಿಟ್ಟುಕೊಡುವುದು ಅಜ್ಞಾನವಲ್ಲದೆ ಮತ್ತೇನು ಎಂದು ಕಾಗದವನ್ನು ಅವಳ ಮುಂದಿಟ್ಟೆ.

ಅಕ್ಕ ಅದನ್ನು ಓದಿ ಹೇಳಿದಳು: "ಎಲ್ಲಾ ಬರದೀಯಪ್ಪಾ ತಮ್ಮಾ. ನನ್ನ ದಿನ ಎಲ್ಲಿ ಬರದಿ?"

ನಾನು ಬರೆದಿರಲಿಲ್ಲ. ಪೇಟೆಗೆ ಹೋಗಿಬರುವುದೆಂದರೆ ಅರ್ಧ ದಿನಕ್ಕೆ ಮೋಸವಿಲ್ಲ. ನಾಟಿಯ ಕಾಲದಲ್ಲಿ ಅವಳು ಆಳಿಗೆ ಕೊಡುವ ದಿನಗೂಲಿ ಮುನ್ನೂರು ರೂಪಾಯಿಗೆ ಕಡಮೆಯಿಲ್ಲ. ಅರ್ಧ ದಿನವೆಂದರೆ ನೂರೈವತ್ತು. ನೂರೈವತ್ತನ್ನು ಕಳೆದು ನಲವತ್ತನ್ನು ಉಳಿಸುವ ವಿದ್ಯೆಯನ್ನು ನಾನು ಕಾಲೇಜಿನಿಂದ ಅವಳಿಗೆ ಹೊತ್ತು ತಂದಿದ್ದೆ!

ಇಲ್ಲಿಗೆ ಬಿಡಬಹುದಾಗಿತ್ತು. ಆದರೆ ಓದಿದವರಿಗೆ ಸೋಲೊಪ್ಪುವ ಅಭ್ಯಾಸ ಕಡಮೆ. ಮುಂದಿನ ಸಲ ನಾನೇ ಪೇಟೆಯ ಸಗಟು ಅಂಗಡಿಯೊಂದರಿಂದ ಹೆಸರಿಲ್ಲದ ಬಟ್ಟೆಪುಡಿಯ ಹತ್ತು ಕಿಲೋಗ್ರಾಂ ಚೀಲವನ್ನು ಕೊಂಡು, ಬಾಡಿಗೆ ಆಟೋದಲ್ಲಿ ಹೇರಿಕೊಂಡು ಹೋದೆ. ಶ್ರಾವಣದ ತೇವಕ್ಕೆ ಪುಡಿ ಗಟ್ಟಿಯಾಯಿತು. ಅಕ್ಕ ಅದನ್ನು ಒನಕೆಯಿಂದ ಕುಟ್ಟಿ ಬಳಸಿದಳು. ಸೋಡಾ ಅತಿಯಾಗಿದ್ದ ಆ ಪುಡಿಯಿಂದ ಅವಳ ಬೆರಳುಗಳ ಸಂದು ಬಿರಿಯಿತು. ಕೊಬ್ಬರಿಯೆಣ್ಣೆ ಹಚ್ಚಿಕೊಂಡು ನಾಟಿಗೆ ಹೋದಳು. ನನಗೆ ಒಂದು ಮಾತನ್ನೂ ಹೇಳಲಿಲ್ಲ. ಭಾವನವರು ಹೇಳಿದರು.

ಆಮೇಲೆ ಅಂಗಡಿಯ ಉದ್ದರಿಯ ವಿಷಯ. ನಗರದಲ್ಲಿರುವ ನಮಗೆ ಈ ಶಬ್ದವು ಮರೆತಂತಾಗಿದೆ. ಬೀದಿಯ ಅಂಗಡಿಯವರು ಉದ್ದನೆಯ ಪುಸ್ತಕದಲ್ಲಿ ಮನೆಮನೆಯ ಲೆಕ್ಕವನ್ನು ಬರೆಯುತ್ತಾರೆ; ಸುಗ್ಗಿಯಾಗಿ ಭತ್ತ ಮಾರಿದ ಮೇಲೆ ಹಣ ಮುಟ್ಟುತ್ತದೆ. ಹೊದಿಕೆಯ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವು ನಾನು ತಿಳಿದಂತೆ ಸುಲಿಗೆಯಲ್ಲ. ಅದು ಆರು ತಿಂಗಳ ಸಾಲಕ್ಕೆ ಬಡ್ಡಿ, ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿದರೂ ತೆರೆಯುವುದಕ್ಕೆ ಕೂಲಿ. 2019ರ ಆಗಸ್ಟಿನಲ್ಲಿ ಹೊಳೆ ತುಂಬಿ ಕಂಪ್ಲಿಯ ಸೇತುವೆ ಮುಳುಗಿ, ಗಂಗಾವತಿಯ ದಾರಿ ಕಟ್ಟಿದಾಗಲೂ ಆ ಅಂಗಡಿಯಲ್ಲಿ ಸಾಬೂನು ಇತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ, ಬೆಳೆಗೆ ನೀರು ಉಳಿಯುವುದೋ ಇಲ್ಲವೋ ಎಂದು ಊರೆಲ್ಲ ದಿಗಿಲುಗೊಂಡಿದ್ದಾಗ ಅಕ್ಕ ಮೊದಲು ಕೇಳಿಕೊಂಡದ್ದು ಉದ್ದರಿ ನಿಲ್ಲುವುದೆ ಎಂದು. ನಿಲ್ಲಲಿಲ್ಲ. ಪೇಟೆಯ ಅಂಗಡಿಗೆ ಅವಳ ಮುಖದ ಪರಿಚಯವಿಲ್ಲ.

ಹಾಗಾದರೆ ಬೀದಿಯ ಅಂಗಡಿಯೇ ಎಲ್ಲಕ್ಕಿಂತ ಅಗ್ಗವೆ? ಹಾಗೂ ಹೇಳಲಾರೆ. ಅಕ್ಕನಿಂದ ಪಾಠ ಕಲಿತ ಮೇಲೆ ನಾನು ಅಂಗಡಿಗಳನ್ನು ಹೋಲಿಸುವುದನ್ನು ಬಿಟ್ಟು, ಅಂಗಡಿಯೊಳಗಿನ ಹೊದಿಕೆಗಳನ್ನು ಓದತೊಡಗಿದೆ. ಲಾಭವು ಅಲ್ಲಿ ಅಡಗಿದೆ.

ಸ್ನಾನದ ಸಾಬೂನನ್ನೇ ತೆಗೆದುಕೊಳ್ಳಿ. ಸಾಬೂನಿನ ತಿರುಳೆಂದರೆ ಅದರ ಕೊಬ್ಬಿನ ಅಂಶ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಮೂರು ಅಕ್ಷರಗಳ ಮುಂದೆ ಅದರ ಪ್ರಮಾಣವಿರುತ್ತದೆ. ಭಾರತೀಯ ಮಾನಕದಂತೆ ಮೊದಲ ದರ್ಜೆಯ ಸಾಬೂನಿನಲ್ಲಿ ಅದು ಶೇಕಡ 76ಕ್ಕೆ ಕಡಮೆಯಿರಬಾರದು. ಎರಡನೆಯದರಲ್ಲಿ 70, ಮೂರನೆಯದರಲ್ಲಿ 60. ಇನ್ನು ಕೆಲವು ಬಿಲ್ಲೆಗಳ ಮೇಲೆ ಸ್ನಾನದ ಸಾಬೂನು ಎಂದಿರದೆ 'ಬೇಥಿಂಗ್ ಬಾರ್' ಎಂದಿರುತ್ತದೆ. ಅವುಗಳಿಗೆ 40 ಇದ್ದರೂ ಸಾಕು. ಈಗ ಲೆಕ್ಕ ನೋಡಿ. ನೂರು ಗ್ರಾಮಿನ ಎರಡು ಬಿಲ್ಲೆಗಳಿವೆಯೆಂದುಕೊಳ್ಳೋಣ. ಒಂದಕ್ಕೆ ನಲವತ್ತು ರೂಪಾಯಿ, ಅಂಶ 76. ಇನ್ನೊಂದಕ್ಕೆ ಮೂವತ್ತನಾಲ್ಕು ರೂಪಾಯಿ, ಅಂಶ 60. ಒಂದು ಗ್ರಾಂ ತಿರುಳಿಗೆ ಮೊದಲನೆಯದರಲ್ಲಿ ಸುಮಾರು 53 ಪೈಸೆ, ಎರಡನೆಯದರಲ್ಲಿ 57. ಅಗ್ಗವೆಂದು ಕೊಂಡದ್ದೇ ತುಟ್ಟಿ. ಮೇಲಾಗಿ ತಿರುಳು ಕಡಮೆಯಾದದ್ದು ಸಾಬೂನುಪೆಟ್ಟಿಗೆಯಲ್ಲಿ ಬೇಗ ಕರಗಿ ಲೋಳೆಯಾಗುತ್ತದೆ. ಹತ್ತು ರೂಪಾಯಿಯ ಬಿಲ್ಲೆಯ ಕಥೆಯಂತೂ ಬೇರೆ. ಅದರ ಬೆಲೆ ನಿಂತಲ್ಲಿ ನಿಂತಿರುತ್ತದೆ. ತೂಕವು ವರ್ಷದಿಂದ ವರ್ಷಕ್ಕೆ, ನೀರು ಸೋಕುವುದಕ್ಕೆ ಮುಂಚೆಯೇ, ಕರಗುತ್ತ ಬರುತ್ತದೆ.

ತೆರಿಗೆಯ ವಿಷಯವಾಗಿ ಒಂದು ಮಾತು. ಸ್ನಾನದ ಬಿಲ್ಲೆ, ಟೂತ್‌ಪೇಸ್ಟು, ಶಾಂಪೂ, ತಲೆಗೆಣ್ಣೆಗಳ ಮೇಲೆ ಅದುವರೆಗೆ ಶೇಕಡ 18 ಇದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಬಟ್ಟೆ ಒಗೆಯುವ ಪುಡಿ ಆ ಪಟ್ಟಿಯಲ್ಲಿ ಸೇರಲಿಲ್ಲ.

ದೊಡ್ಡ ಸೀಸೆಯೇ ಅಗ್ಗವೆಂಬುದು ನಮ್ಮಂಥವರ ಇನ್ನೊಂದು ನಂಬಿಕೆ. ಇದೂ ಯಾವಾಗಲೂ ನಿಜವಲ್ಲ. ಅಕ್ಕನ ಬೀದಿಯ ಅಂಗಡಿಯಲ್ಲಿ ತೋರಣದಂತೆ ತೂಗುಹಾಕಿದ್ದ ಒಂದು ರೂಪಾಯಿಯ ಶಾಂಪೂ ಚೀಟಿಯನ್ನು ಓದಿದೆ: ಐದೂವರೆ ಮಿಲಿಲೀಟರು. ಅದೇ ಹೆಸರಿನ ನೂರ ಎಂಬತ್ತು ಮಿಲಿಲೀಟರಿನ ಸೀಸೆಯನ್ನು ನಾನು ಮನೆಯಲ್ಲಿ ನೂರಿಪ್ಪತ್ತು ರೂಪಾಯಿಗೆ ಕೊಂಡಿದ್ದೆ. ಅಷ್ಟೇ ಶಾಂಪೂ ಚೀಟಿಗಳಲ್ಲಿ ಮೂವತ್ತಮೂರು ರೂಪಾಯಿಗೆ ಬರುತ್ತದೆ! ಚಿಕ್ಕ ಪೊಟ್ಟಣದವರನ್ನು ಕಂಡು ಕನಿಕರಪಡುತ್ತಿದ್ದ ನಾನು ಆ ದಿನ ನನ್ನನ್ನೇ ಕಂಡು ಕನಿಕರಪಟ್ಟೆ. ಆದರೆ ಬರಿದಾದ ಚೀಟಿಗಳು ಸೇರುವುದು ಕಾಲುವೆಯ ತೂಬಿನ ಬಾಯಿಗೆ. ಅದನ್ನು ಬಿಡಿಸಲು ಗದ್ದೆಯವರು ಇಳಿಯಬೇಕು. ಆ ಕೂಲಿಯನ್ನು ಯಾವ ಕಂಪೆನಿಯೂ ಹೊದಿಕೆಯ ಮೇಲೆ ಅಚ್ಚುಮಾಡಿಲ್ಲ. ಹೊದಿಕೆಗಳ ಮೇಲೆ ಈಚೆಗೆ ಒಂದು ಗ್ರಾಮಿಗೆ, ಒಂದು ಮಿಲಿಲೀಟರಿಗೆ ಎಷ್ಟು ಎಂಬ ಬಿಡಿ ದರವೂ ಇರುವುದುಂಟು. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ಅದೊಂದನ್ನು ಓದಿದರೆ ಕಾಗದ, ಪೆನ್ಸಿಲುಗಳು ಬೇಕಿಲ್ಲ.

ಅಗ್ಗವೆಂಬುದಕ್ಕೆ ದೊಡ್ಡ ಶತ್ರುವೊಂದುಂಟು. ಅದು ನಮ್ಮ ಮನೆಯ ನೀರು. ಬಳ್ಳಾರಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಸುಣ್ಣದ, ಮೆಗ್ನೀಷಿಯಮ್ಮಿನ ಲವಣಗಳು ಹೆಚ್ಚು. ಸಾಬೂನು ಮೊದಲು ಈ ಲವಣಗಳೊಡನೆ ಕೂಡಿ ಬಿಳಿಯ ಕಿಟ್ಟವಾಗುತ್ತದೆ. ಲವಣಗಳ ಹಸಿವು ತೀರಿದ ಮೇಲೆಯೇ ನೊರೆ. ಬೇಳೆ ಬೇಗ ಬೇಯದ ನೀರಿನಲ್ಲಿ ಸಾಬೂನೂ ನೊರೆಯಾಡದು ಎಂಬುದನ್ನು ಹಳ್ಳಿಯ ಹೆಂಗಸರು ರಸಾಯನಶಾಸ್ತ್ರವಿಲ್ಲದೆ ಬಲ್ಲರು. ಅಕ್ಕನು ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದಾಳೆ; ಬಟ್ಟೆಗೆ ಮಾತ್ರ ಕಾಲುವೆ ಹರಿಯುವ ದಿನಗಳನ್ನು ಕಾದು, ದೊಡ್ಡ ಒಗೆತವನ್ನೆಲ್ಲ ಆಗ ಮುಗಿಸುತ್ತಾಳೆ. ಮಳೆಯ ನೀರಿಗೆ ಸೂರಿನ ಕೆಳಗೆ ಹಂಡೆ ಇಡುತ್ತಾಳೆ. ಬಿಲ್ಲೆ ಬಾಳುವುದು ಇದರಿಂದ. ನಗರದ ನಾವು ಗಡಸು ನೀರಿಗೆ ಬೇರೆ ಸಾಬೂನನ್ನು ಹುಡುಕಿ ಪೇಟೆಯೆಲ್ಲ ಸುತ್ತುತ್ತೇವೆ.

ಇನ್ನು ಹಿತ್ತಲಿನ ವಸ್ತುಗಳು. ಹಿಂದಿನದೆಲ್ಲ ಚೆನ್ನು ಎಂದು ಹಾಡುವ ಗುಂಪಿಗೆ ನಾನು ಸೇರಿದವನಲ್ಲ. ಚೌಳುಮಣ್ಣಿನಲ್ಲಿ ಬಟ್ಟೆ ಒಗೆದವರ ಸೊಂಟವನ್ನು ಕೇಳಬೇಕು. 1969ರಲ್ಲಿ ಅಹಮದಾಬಾದಿನ ಕರಸನಭಾಯಿ ಪಟೇಲರು ಮನೆಯ ಹಿತ್ತಲಲ್ಲಿ ಪುಡಿ ಬೆರೆಸಿ, ಬೈಸಿಕಲ್ಲಿನ ಮೇಲೆ ಹೊತ್ತು, ಅಂದಿನ ಪ್ರಸಿದ್ಧ ಪುಡಿಯ ಬೆಲೆಯ ಕಾಲುಭಾಗದ ಆಸುಪಾಸಿಗೆ 'ನಿರ್ಮಾ'ವನ್ನು ಮಾರಿದಾಗ ಬಡವರ ಮನೆಯ ಎಷ್ಟು ಹೆಂಗಸರ ತೋಳಿಗೆ ವಿರಾಮ ಸಿಕ್ಕಿತೆಂಬುದನ್ನು ಮರೆಯಬಾರದು. ಆದರೂ ಕೆಲವು ಹಳೆಯ ವಸ್ತುಗಳಿಗೆ ಇಂದಿಗೂ ಎದುರಾಳಿಯಿಲ್ಲ. ಹಿತ್ತಾಳೆ, ತಾಮ್ರಗಳಿಗೆ ಹುಣಸೆಹಣ್ಣು. ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಜಿಡ್ಡಿನ ಪಾತ್ರೆಗೆ ಸೌದೆಯ ಬೂದಿ. ಅದರ ಕ್ಷಾರಕ್ಕೆ ಎಣ್ಣೆಯೇ ಒಂದಿಷ್ಟು ಸಾಬೂನಾಗಿ ಬಿಡುತ್ತದೆ. ತಲೆಗೆ ಸೀಗೆ, ರೇಷ್ಮೆಗೆ ಅಂಟುವಾಳ. ಇವನ್ನು ಸಂತೆಯಲ್ಲಿ ಕಾಯಿಯಾಗಿ ಕೊಂಡು, ಒಣಗಿಸಿ, ಗಿರಣಿಯಲ್ಲಿ ಬೀಸಿಸಿದರೆ ಅಗ್ಗ. ಹಸುರು ಡಬ್ಬಿಯಲ್ಲಿ, ಋಷಿಯ ಚಿತ್ರದ ಕೆಳಗೆ ಕೊಂಡರೆ ತುಟ್ಟಿ.

ಮುಟ್ಟಿನ ದಿನಗಳ ವಸ್ತುವನ್ನು ಕುರಿತು ಬಾನುಲಿಯಲ್ಲಿ ಮಾತನಾಡಲು ಸಂಕೋಚಪಡುವ ಕಾಲ ಕಳೆಯಿತೆಂದು ನಂಬಿದ್ದೇನೆ. ಜನೌಷಧಿ ಕೇಂದ್ರಗಳಲ್ಲಿ 'ಸುವಿಧಾ' ಎಂಬ ಹೆಸರಿನ ಪ್ಯಾಡಿನ ಬೆಲೆಯನ್ನು 2019ರ ಆಗಸ್ಟಿನಲ್ಲಿ ಎರಡೂವರೆ ರೂಪಾಯಿಯಿಂದ ಒಂದು ರೂಪಾಯಿಗೆ ಇಳಿಸಿದರು. ಪೇಟೆಗೆ ಹೋದವರು ಊರಿನ ಹುಡುಗಿಯರಿಗಾಗಿ ತರಬಹುದಾದ ಸಾಮಾನುಗಳಲ್ಲಿ ಇದು ಮೊದಲನೆಯದು.

ಆದರೆ ಒಂದು ಅಗ್ಗವನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಬೀದಿಯಲ್ಲಿ ಮಾರಿಕೊಂಡು ಬರುವ ಬಿಡಿ ಫಿನೈಲು, ಬಿಡಿ ಆಸಿಡ್ಡು. ಅಕ್ಕನ ನೆರೆಮನೆಯವರು ಸೀಸೆಗೆ ಇಪ್ಪತ್ತು ರೂಪಾಯಿಯೆಂದು ಬಚ್ಚಲು ತೊಳೆಯುವ ಆಸಿಡ್ಡನ್ನು ಕೊಂಡರು. ಅದು ತುಂಬಿದ್ದದ್ದು ಹಳೆಯ ಷರಬತ್ತಿನ ಸೀಸೆ. ಮೇಲೆ ಕಿತ್ತಿಳೆಹಣ್ಣಿನ ಚಿತ್ರ. ನಾಲ್ಕು ವರ್ಷದ ಮೊಮ್ಮಗ ಬಿಸಿಲಿನಿಂದ ಬಂದವನು ಅದನ್ನು ಎತ್ತಿ ಮುಚ್ಚಳ ತಿರುಗಿಸುತ್ತಿದ್ದ. ಅಕ್ಕ ಬೇಲಿಯಾಚೆಯಿಂದ ಕಂಡು ಕೂಗಿದಳು. ಸೀಸೆ ಕೈಜಾರಿ ಒಡೆಯಿತು; ಅಂಗಳದ ಕಡಪಾಕಲ್ಲು ನೊರೆಯೆದ್ದು ಬೆಳ್ಳಗಾಯಿತು. ಆ ಗುರುತು ಈಗಲೂ ಇದೆ. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ಡಿನ ಬಿಡಿ ಮಾರಾಟಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ಆದರೂ ಸೈಕಲ್ಲಿನ ಮೇಲೆ ಅದು ಬರುತ್ತಲೇ ಇತ್ತು. ಹೆಸರು, ವಿಳಾಸ, ಎಚ್ಚರಿಕೆಯ ಗುರುತುಗಳಿರುವ ಸೀಸೆಗೆ ನಾವು ಹೆಚ್ಚಾಗಿ ಕೊಡುವ ಹಣವನ್ನು ನಾನು ಈಗ ತುಟ್ಟಿಯೆನ್ನುವುದಿಲ್ಲ.

ಅಕ್ಕನ ಮನೆಯಲ್ಲಿ ಈಗ ನಡೆದಿರುವ ಏರ್ಪಾಡನ್ನು ಹೇಳಿ ಮುಗಿಸುತ್ತೇನೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಇಪ್ಪತ್ತೆಂಟು ಜನ ಸೇರಿ ತಮ್ಮದೇ ಅಂಗಡಿ ತೆರೆದು ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಮಾರಿಕೊಂಡರೆಂಬುದನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವನ್ನೂ ಹೇಳುತ್ತೇನೆ. ಅಕ್ಕನಿಗೆ ಇವೆರಡನ್ನೂ ನಾನು ಹೇಳಿರಲಿಲ್ಲ. ಬೀದಿಯ ಐದು ಮನೆಯವರು ಸೇರಿದ್ದಾರೆ. ತಿಂಗಳಿಗೆ ಒಬ್ಬಾಕೆ, ಹೇಗೂ ಆಸ್ಪತ್ರೆಗೋ ಮದುವೆಗೋ ಪೇಟೆಗೆ ಹೋಗುವವಳು, ಐವರ ಚೀಟಿಯನ್ನು ಒಯ್ಯುತ್ತಾಳೆ. ಬಸ್ಸಿಗೆ ಹಣವಿಲ್ಲ, ದಿನವೂ ಕೆಡುವುದಿಲ್ಲ. ಬಟ್ಟೆಪುಡಿ, ಸ್ನಾನದ ಬಿಲ್ಲೆ, ಪ್ಯಾಡು ಪೇಟೆಯಿಂದ. ಸೀಗೆ, ಬಾರಿಗೆ ಸಂತೆಯಿಂದ. ಶಾಂಪೂ ಚೀಟಿಯೂ ಮಿಕ್ಕ ಚಿಲ್ಲರೆಯೂ ಬೀದಿಯ ಅಂಗಡಿಯಿಂದ. "ಎಲ್ಲಾ ಪ್ಯಾಟ್ಯಾಗ ತಂದ್ರ ಅವರು ಉದ್ದರಿ ಪುಸ್ತಕ ಮುಚ್ಚತಾರ," ಎಂದು ಅಕ್ಕ ನನಗೆ ಮೆಲ್ಲನೆ ಹೇಳಿದಳು.

ಹಬ್ಬಕ್ಕೆ ಬರುವೆನೆಂದು ನಿನ್ನೆ ತಿಳಿಸಿದ್ದಕ್ಕೆ ಅವಳಿಂದ ಉತ್ತರ ಬಂದಿದೆ. ಕಂಪ್ಲಿಯಲ್ಲಿ ಇಳಿದಾಗ ಐದು ಮನೆಗೆ ಹದಿನೈದು ಬಿಲ್ಲೆ ಸಾಬೂನು ತರಬೇಕಂತೆ, ಕನ್ನಡಕವನ್ನು ಮರೆಯಬಾರದಂತೆ.